ಕರೆಂಟ್ ಹೋಯ್ತು, ಹಾಲೂ ಹೋಯ್ತು: ‘ಗೋ’ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲದ ಪ್ರಶ್ನೆಗಳೆಲ್ಲ ಒಂದೇ ಪದದ ಸುತ್ತ. ಇಂಗ್ಲಿಷಿನ ಪುಟಾಣಿ ‘ಗೋ’. ಕಲಿಯಲು ಶುರು ಮಾಡಿದ ಮೊದಲ ವಾರದಲ್ಲೇ ಸಿಗುವ ಪದ ಇದು. ಹತ್ತು ವರ್ಷ ಆದಮೇಲೂ ಕಾಲಿಗೆ ತೊಡರುವ ಪದವೂ ಇದೇ. ಗೋ ಅರ್ಥ ಆಗದಿದ್ದಾಗ ನಿಘಂಟು ತೆಗೆಯುವ ಮೊದಲು ನಮ್ಮ ‘ಹೋಗು’ವನ್ನೇ ಒಮ್ಮೆ ಕೇಳಿ ನೋಡಿ ಅಂತ ನಾನು ಹೇಳುತ್ತಿರುತ್ತೇನೆ. ಮುಕ್ಕಾಲು ಪಾಲು ಉತ್ತರ ಅದರ ಹತ್ತಿರವೇ ಇರುತ್ತದೆ. ಉಳಿದ ಕಾಲು ಪಾಲಿನಲ್ಲಿ ಮಾತ್ರ ಅದು ಚೆನ್ನಾಗಿ ಕೈ ಕೊಡುತ್ತದೆ.

ಪ್ರಶ್ನೆ: ವಾಕ್‌ಗೆ ವಾಕ್ಡ್, ಪ್ಲೇಗೆ ಪ್ಲೇಡ್. ಸರಿ. ಆದರೆ ಗೋಗೆ ‘ವೆಂಟ್’ ಎಲ್ಲಿಂದ ಬಂತು? ಎರಡಕ್ಕೂ ಒಂದು ಅಕ್ಷರದ ಸಂಬಂಧವೂ ಇಲ್ಲವಲ್ಲ?

ಸಂಬಂಧ ಇಲ್ಲ ನಿಜ. ವೆಂಟ್ ಪಕ್ಕದ ಮನೆಯಿಂದ ದತ್ತು ಬಂದ ಪದ.

ಹಳೆಯ ಇಂಗ್ಲಿಷಿನಲ್ಲಿ ‘ವೆಂಡ್’ ಅಂತ ಇನ್ನೊಂದು ಕ್ರಿಯಾಪದ ಇತ್ತು. ತಿರುಗು, ಸಾಗು ಅಂತ ಅರ್ಥ. ಈಗ ಸೆಂಡ್–ಸೆಂಟ್, ಬೆಂಡ್–ಬೆಂಟ್, ಲೆಂಡ್–ಲೆಂಟ್ ನೆನಪು ಮಾಡಿಕೊಳ್ಳಿ. ಅದೇ ಸಾಲಿನಲ್ಲಿ ವೆಂಡ್–ವೆಂಟ್. ಸರಿಯಾಗಿ ಕೂತಿತು ಅಲ್ವಾ?

ಹಾಗಾದರೆ ಗೋಗೆ ತನ್ನದೇ ಭೂತಕಾಲ ಇರಲಿಲ್ಲವೇ? ಇತ್ತು, ಆದರೆ ಅದೂ ಬೇರೆ ಬೇರಿನದೇ. ಸಾವಿರ ವರ್ಷದ ಹಿಂದೆ ‘ಹೋದ’ ಅನ್ನಲು ‘ಏಯೊಡೆ’ ಅನ್ನುವಂಥ ರೂಪ ಬಳಕೆಯಲ್ಲಿತ್ತು. ಅದು ಸವೆಯುತ್ತಾ ಬಂತು. 15ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನ ದಕ್ಷಿಣದಲ್ಲಿ ವೆಂಟ್ ಆ ಜಾಗಕ್ಕೆ ಬಂದು ಕೂತಿತು. ಉತ್ತರದವರು ಬೇರೆ ದಾರಿ ಹಿಡಿದರು. ಗೋಗೇ ಬಾಲ ಸೇರಿಸಿ ಹೊಸ ಭೂತಕಾಲ ಮಾಡಿಕೊಂಡರು. ಸ್ಕಾಟ್ಸ್ ನುಡಿಯ ‘ಗೇಡ್’ ಹುಟ್ಟಿದ್ದು ಹಾಗೆ. ಇತ್ತ ತನ್ನ ವೆಂಟನ್ನು ಗೋಗೆ ಕೊಟ್ಟು ಬರಿಗೈಯಾದ ವೆಂಡ್, ‘ವೆಂಡೆಡ್’ ಅಂತ ಹೊಸದೊಂದನ್ನು ಹೊಲಿಸಿಕೊಂಡಿತು. ಇವತ್ತು ಅದು ಕಾಣಿಸುವುದು ‘ವೆಂಡ್ ಒನ್ಸ್ ವೇ’ ಅನ್ನುವ ಒಂದೇ ನುಡಿಗಟ್ಟಿನಲ್ಲಿ ಅಂದರೂ ತಪ್ಪಿಲ್ಲ.

ಇಂಥ ಸಾಲ ಇಂಗ್ಲಿಷಿಗೆ ಮಾತ್ರ ಅಂಟಿದ್ದಲ್ಲ. ಫ್ರೆಂಚಿನಲ್ಲಿ ‘ಹೋಗುವುದು’ ಅನ್ನಲು ‘ಅಲೆ’, ‘ಹೋಗುತ್ತೇನೆ’ ಅನ್ನಲು ‘ವೆ’, ಮುಂದೆ ಹೋಗುವುದಾದರೆ ‘ಇರೆ’. ಮೂರಕ್ಕೂ ಒಂದರ ಮುಖ ಇನ್ನೊಂದಕ್ಕಿಲ್ಲ. ಸ್ಪ್ಯಾನಿಷ್‌ ಇನ್ನೂ ಮಜಾ. ಅಲ್ಲಿ ‘ಫುಯಿ’ ಅಂದರೆ ‘ಹೋದೆ’ ಅಂತಲೂ ಆಗುತ್ತದೆ, ‘ಆಗಿದ್ದೆ’ ಅಂತಲೂ ಆಗುತ್ತದೆ. ನಮ್ಮದನ್ನೂ ನೋಡಿ. ನೋಡಿದ, ನೋಡಿದಳು, ನೋಡಿತು. ಹೋದ, ಹೋದಳು, ಆಮೇಲೆ? ‘ಹೋದಿತು’ ಅಲ್ಲ, ಹೋಯಿತು. ನಾವು ಇದನ್ನು ಗಮನಿಸುವುದೇ ಇಲ್ಲ.

ತುಂಬಾ ಬಳಸುವ ಪದಗಳೇ ಹೀಗೆ ಅಡ್ಡಾದಿಡ್ಡಿಯಾಗಿ ಉಳಿದುಕೊಳ್ಳುತ್ತವೆ. ದಿನಕ್ಕೆ ಐವತ್ತು ಸಲ ಕಿವಿಗೆ ಬಿದ್ದದ್ದು ಹಾಗೇ ಬಾಯಿಗೆ ಬರುತ್ತದೆ, ನಿಯಮದ ಹಂಗು ಬೇಕಿಲ್ಲ. ಅಷ್ಟು ಬಳಸದ ಪದಗಳನ್ನು ಜನ ನಿಧಾನವಾಗಿ ಸರಿಮಾಡಿಬಿಡುತ್ತಾರೆ. ಹೆಲ್ಪ್‌ಗೆ ಹಿಂದೆ ‘ಹೋಲ್ಪ್’ ಅಂತ ಭೂತಕಾಲ ಇತ್ತು. ಈಗ ಹೆಲ್ಪ್ಡ್ ಅಷ್ಟೇ.

ಒಂದು ಎಚ್ಚರಿಕೆ. ವೆಂಟ್ ಒಂಟಿಯಾಗಿ ನಿಲ್ಲುವ ಪದ. ‘ಡಿಡಂಟ್ ವೆಂಟ್’ ಆಗದು, ‘ಡಿಡಂಟ್ ಗೋ’. ‘ಹ್ಯಾವ್ ವೆಂಟ್’ ಆಗದು, ‘ಹ್ಯಾವ್ ಗಾನ್’.

ಪ್ರಶ್ನೆ: ನಮ್ಮ ಮಗಳು ಮೊದಲು ‘ವೆಂಟ್’ ಅಂತ ಸರಿಯಾಗೇ ಹೇಳುತ್ತಿದ್ದಳು. ನಾಲ್ಕು ವರ್ಷ ಆದಮೇಲೆ ‘ಗೋಎಡ್’ ಅನ್ನಲು ಶುರು ಮಾಡಿದ್ದಾಳೆ. ಕಲಿತದ್ದು ಮರೆತುಹೋಯಿತಾ?

ಇಲ್ಲ, ಒಂದು ಹೆಜ್ಜೆ ಮುಂದೆ ಹೋಗಿದ್ದಾಳೆ. ಮೊದಲು ಕೇಳಿದ್ದನ್ನು ಹಾಗೇ ಹೇಳುತ್ತಿದ್ದಳು. ಈಗ ‘ಹಿಂದೆ ನಡೆದದ್ದಕ್ಕೆ ಕೊನೆಗೆ ಎಡ್ ಸೇರಿಸಬೇಕು’ ಅನ್ನುವ ನಿಯಮವನ್ನು ತಾನೇ ಹುಡುಕಿಕೊಂಡಿದ್ದಾಳೆ. ಹೊಸ ಆಟಿಕೆ ಸಿಕ್ಕಿದ ಖುಷಿಯಲ್ಲಿ ಎಲ್ಲಕ್ಕೂ ಅದನ್ನೇ ಹಚ್ಚುತ್ತಿದ್ದಾಳೆ, ಅಷ್ಟೇ. ಇಂಗ್ಲಿಷ್ ಮನೆಮಾತಾದ ಮಕ್ಕಳೂ ಇದೇ ದಾರಿಯಲ್ಲಿ ಬರುತ್ತಾರೆ. ಸುಮ್ನೆ ಬಿಡಿ. ನೀವು ಮಾತಾಡುವಾಗ ‘ವೆಂಟ್’ ಅನ್ನುತ್ತಿರಿ, ತಾನಾಗೇ ಸರಿಹೋಗುತ್ತದೆ.

ಪ್ರಶ್ನೆ: ‘ಹ್ಯಾಸ್ ಗಾನ್’ ಮತ್ತು ‘ಹ್ಯಾಸ್ ಬೀನ್’, ಎರಡೂ ‘ಹೋಗಿದ್ದಾನೆ’ ತಾನೇ? ವ್ಯತ್ಯಾಸ ಏನು?

ವ್ಯತ್ಯಾಸ ಇಷ್ಟೇ: ಆ ಮನುಷ್ಯ ವಾಪಸ್ ಬಂದನೋ ಇಲ್ಲವೋ. ‘ಶಿ ಹ್ಯಾಸ್ ಗಾನ್ ಟು ಲಂಡನ್’ ಅಂದರೆ ಹೋಗಿದ್ದಾಳೆ, ಇನ್ನೂ ಅಲ್ಲೇ ಇದ್ದಾಳೆ ಅಥವಾ ದಾರಿಯಲ್ಲಿದ್ದಾಳೆ. ಈಗ ಇಲ್ಲಿ ಸಿಗುವುದಿಲ್ಲ. ‘ಶಿ ಹ್ಯಾಸ್ ಬೀನ್ ಟು ಲಂಡನ್’ ಅಂದರೆ ಹೋಗಿ ಬಂದಿದ್ದಾಳೆ. ಬೇಕಿದ್ದರೆ ಊರಿನ ವಿಷಯ ಕೇಳಬಹುದು.

ಕನ್ನಡದಲ್ಲಿ ‘ಹೋಗಿದ್ದಾಳೆ’ ಅನ್ನುವ ಒಂದೇ ರೂಪ ಎರಡು ಕಡೆಯೂ ನಡೆಯುತ್ತದೆ. ‘ಅವಳು ಲಂಡನ್ನಿಗೆ ಎರಡು ಸಲ ಹೋಗಿದ್ದಾಳೆ’ ಅಂದರೆ ಬಂದಿದ್ದಾಳೆ ಅಂತ ಕೇಳುವವರೇ ತಿಳಿದುಕೊಳ್ಳುತ್ತಾರೆ. ಹಾಗಾಗಿಯೇ ಈ ತಪ್ಪು ನಮ್ಮಲ್ಲಿ ಜಾಸ್ತಿ. ನನ್ನ ಉಪಾಯ ಒಂದೇ: ಕನ್ನಡದಲ್ಲಿ ‘ಹೋಗಿ ಬಂದಿದ್ದಾಳೆ’ ಅಂದರೂ ಅರ್ಥ ಸರಿಯಿದ್ದರೆ ಬೀನ್, ಇಲ್ಲದಿದ್ದರೆ ಗಾನ್. ಇದೇ ಕಾರಣಕ್ಕೆ ‘ಐ ಹ್ಯಾವ್ ಗಾನ್ ಟು ಲಂಡನ್’ ಅಂತ ಯಾರ ಎದುರಿಗೋ ನಿಂತು ಹೇಳಲು ಬರುವುದಿಲ್ಲ. ಲಂಡನ್ನಿಗೆ ಹೋಗಿಬಿಟ್ಟಿದ್ದರೆ ಅವರ ಮುಂದೆ ನಿಂತಿರುವವರು ಯಾರು? ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಹೋಗಬಹುದು, ಅಷ್ಟೇ.

ಇದರ ಪಕ್ಕದಲ್ಲೇ ಇನ್ನೊಂದು ಗುಂಡಿ ಇದೆ, ಅದರಲ್ಲಿ ನಾನೇ ಬಿದ್ದಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಹಿರಿಯರೊಬ್ಬರನ್ನು ಕೇಳಿಕೊಂಡು ಹೊರದೇಶದಿಂದ ಫೋನ್ ಬಂತು. ಅವರು ಆಗಲೇ ಮನೆಗೆ ಹೊರಟಿದ್ದರು. ನಾನು ಮೆಲ್ಲಗೆ, ತುಂಬಾ ಮರ್ಯಾದೆಯ ದನಿಯಲ್ಲಿ, ‘ಸಾರಿ, ಹಿ ಈಸ್ ಗಾನ್’ ಅಂದೆ. ಆ ಕಡೆ ಸದ್ದೇ ಇಲ್ಲ. ಆಮೇಲೆ ಆ ಹೆಂಗಸು ಸಣ್ಣ ದನಿಯಲ್ಲಿ ‘ಯಾವಾಗ?’ ಅಂತ ಕೇಳಿದರು. ‘ಹತ್ತು ನಿಮಿಷ ಆಯಿತು’ ಅಂದೆ.

ತಪ್ಪಿದ್ದದ್ದು ವ್ಯಾಕರಣದಲ್ಲಲ್ಲ. ‘ಹಿ ಈಸ್ ಗಾನ್’ ಸರಿಯಾದ ವಾಕ್ಯವೇ. ಆದರೆ ಮುಂದೆ ಎಲ್ಲಿಗೆ ಅಂತ ಹೇಳದೆ, ಸಾರಿ ಸೇರಿಸಿ, ದನಿ ಇಳಿಸಿ ಹೇಳಿದರೆ ‘ಹೋಗಿಬಿಟ್ಟರು’ ಅಂತಲೇ ಕೇಳಿಸುತ್ತದೆ. ನಮ್ಮ ‘ಹೋಗಿಬಿಟ್ಟರು’ ಹೇಗೋ ಅದೂ ಹಾಗೆ. ‘ಹಿ ಹ್ಯಾಸ್ ಗಾನ್ ಹೋಮ್’ ಅಥವಾ ‘ಹಿ ಹ್ಯಾಸ್ ಲೆಫ್ಟ್ ಫಾರ್ ದ ಡೇ’ ಅಂದಿದ್ದರೆ ಮುಗಿದುಹೋಗುತ್ತಿತ್ತು.

ಪ್ರಶ್ನೆ: ‘ಗೋ ಟು ಹೋಮ್’ ಅಂದರೆ ಟೀಚರ್ ಕೆಂಪು ಗೆರೆ ಹಾಕುತ್ತಾರೆ. ‘ಗೋ ಸ್ಕೂಲ್’ ಅಂದರೂ ಹಾಕುತ್ತಾರೆ. ಟು ಬೇಕೋ ಬೇಡವೋ?

‘ಟು’ ನಮ್ಮ ‘ಗೆ’ ಇದ್ದ ಹಾಗೆ. ಶಾಲೆ-ಗೆ, ಆಸ್ಪತ್ರೆ-ಗೆ. ಆದರೆ ಈ ಜಾಗದಲ್ಲಿ ‘ಹೋಮ್’ ಅಂದರೆ ‘ಮನೆ’ ಅಲ್ಲ, ‘ಮನೆಗೆ’. ‘ಗೆ’ ಅದರ ಹೊಟ್ಟೆಯಲ್ಲೇ ಇದೆ. ಇನ್ನೊಂದು ಟು ಹಾಕಿದರೆ ‘ಮನೆಗೆಗೆ’ ಅಂದ ಹಾಗಾಗುತ್ತದೆ. ಹಿಯರ್, ದೇರ್, ಅಬ್ರಾಡ್, ಅಪ್‌ಸ್ಟೇರ್ಸ್ ಕೂಡ ಇದೇ ಜಾತಿ. ‘ಮೈ’ ಸೇರಿಸಿದ ಕೂಡಲೇ ಹೋಮ್ ಮತ್ತೆ ಮಾಮೂಲಿ ಹೆಸರಾಗುತ್ತದೆ, ಟು ವಾಪಸ್ ಬರುತ್ತದೆ.

‘ಗೋ ಟು ಸ್ಕೂಲ್’, ‘ಗೋ ಟು ದ ಸ್ಕೂಲ್’ ವಿಷಯಕ್ಕೆ ಬಂದರೆ, ಓದಲು ಹೋಗುವ ಹುಡುಗನಿಗೆ ‘ದ’ ಬೇಡ. ಅವನ ಮಾರ್ಕ್ಸ್ ಕೇಳಲು ಹೋಗುವ ಅಪ್ಪನಿಗೆ ‘ದ’ ಬೇಕು. ಜೈಲಿಗೂ ಇದೇ ಲೆಕ್ಕ. ‘ದ’ ಇಲ್ಲದಿದ್ದರೆ ಕೈದಿ, ಇದ್ದರೆ ನೋಡಲು ಹೋದವನು. ಆಸ್ಪತ್ರೆಯಲ್ಲಿ ಮಾತ್ರ ಜಗಳ ಇದೆ. ರೋಗಿಯಾಗಿ ಹೋದರೆ ಬ್ರಿಟಿಷರು ‘ದ’ ಬಿಡುತ್ತಾರೆ, ಅಮೆರಿಕದವರು ರೋಗಿ ಆದರೂ ‘ದ’ ಹಾಕುತ್ತಾರೆ.

ಪ್ರಶ್ನೆ: ‘ಐ ಆಮ್ ಗೋಯಿಂಗ್ ಟು ಆಫೀಸ್ ಡೈಲಿ’ ಅನ್ನುವುದರಲ್ಲಿ ಏನು ತಪ್ಪು? ದಿನಾ ಹೋಗ್ತಾ ಇದೀನಲ್ಲ?

ಕನ್ನಡದಲ್ಲಿ ‘ದಿನಾ ಹೋಗ್ತಾ ಇದೀನಿ’ ಚೆನ್ನಾಗೇ ಇದೆ. ಇಂಗ್ಲಿಷಿನಲ್ಲಿ ‘ಐ ಆಮ್ ಗೋಯಿಂಗ್’ ಅಂದರೆ ಈಗ ದಾರಿಯಲ್ಲಿದ್ದೇನೆ, ಅಥವಾ ಇಷ್ಟರಲ್ಲೇ ಹೋಗುವವನಿದ್ದೇನೆ. ರೂಢಿಗೆ ‘ಐ ಗೋ’ ಸಾಕು.

ಸಿಕ್ಕಿನ ಬುಡ ಇರುವುದು ನಮ್ಮ ‘ಹೋಗ್ತೀನಿ’ಯಲ್ಲಿ. ‘ದಿನಾ ಹೋಗ್ತೀನಿ’, ‘ನಾಳೆ ಹೋಗ್ತೀನಿ’, ಎರಡಕ್ಕೂ ಒಂದೇ ರೂಪ. ಇಂಗ್ಲಿಷ್ ಇಲ್ಲಿ ದಾರಿ ಎರಡು ಮಾಡುತ್ತದೆ. ದಿನಾ ಆದರೆ ‘ಐ ಗೋ’. ನಾಳೆ ಆದರೆ ‘ಐ ಆಮ್ ಗೋಯಿಂಗ್ ಟುಮಾರೋ’. ಅಂದರೆ ನಾವು ‘ಇಂಗ್’ ಹಾಕುವ ಕಡೆ ಅವರು ಬಿಡುತ್ತಾರೆ, ಬಿಡುವ ಕಡೆ ಹಾಕುತ್ತಾರೆ. ಹೋಗು ಕೈ ಕೊಡುತ್ತದೆ ಅಂದೆನಲ್ಲ, ಇದು ಅಂಥ ಜಾಗ.

ಪ್ರಶ್ನೆ: ‘ಇಟ್ ಈಸ್ ಗೋಯಿಂಗ್ ಟು ರೇನ್’. ಮಳೆ ಎಲ್ಲಿಗೂ ಹೋಗುತ್ತಿಲ್ಲ, ಬರುತ್ತಿದೆ! ಇಲ್ಲಿ ಗೋ ಯಾಕೆ? ‘ಗೋಯಿಂಗ್ ಟು’ವನ್ನು ಚಿಕ್ಕದಾಗಿಸಿ ‘ಗಾನಾ’ ಅನ್ನುವುದು ಅಶುದ್ಧವಾ?

ಮೊದಮೊದಲು ಈ ‘ಗೋಯಿಂಗ್ ಟು’ನಲ್ಲಿ ನಿಜವಾದ ನಡಿಗೆಯೇ ಇತ್ತು. ‘ಅವನಿಗೆ ವಿಷಯ ಮುಟ್ಟಿಸಲು ಹೋಗುತ್ತಿದ್ದೇನೆ’ ಅನ್ನುವವನ ಬಾಯಲ್ಲಿ ಎರಡು ಸಂಗತಿ ಇವೆ. ಕಾಲು ಆ ಕಡೆ ಹೊರಟಿದೆ, ಮನಸ್ಸಿನಲ್ಲಿ ಒಂದು ಕೆಲಸ ಇದೆ. ಹೇಳಿ ಹೇಳಿ ಕಾಲಿನ ಅರ್ಥ ಸವೆಯಿತು, ಮನಸ್ಸಿನ ಅರ್ಥ ಉಳಿಯಿತು. 17ನೇ ಶತಮಾನದಲ್ಲಿ ಈ ಹೊಸ ಬಳಕೆ ಗಟ್ಟಿಯಾಯಿತು. ಆಮೇಲೆ ಮನಸ್ಸೂ ಇಲ್ಲದ ಮಳೆಗೂ ಅಂಟಿಕೊಂಡಿತು.

ನಮ್ಮ ಹೋಗುವಿಗೂ ಹೀಗೆ ಕಾಲು ಸವೆದಿದೆ. ‘ಏನೋ ಮಾಡಲು ಹೋಗಿ ಏನೋ ಆಯಿತು’ ಅನ್ನುತ್ತೇವೆ. ಅಲ್ಲಿ ಯಾರೂ ಎದ್ದು ನಡೆದಿಲ್ಲ, ಕೈ ಹಾಕಿದರು ಅಂತ ಅರ್ಥ. ‘ಅವನ ತಂಟೆಗೆ ಹೋಗಬೇಡ’ ಅಂದಾಗಲೂ ಅಷ್ಟೇ. ಇಂಗ್ಲಿಷರ ‘ಐ ವೆಂಟ್ ಟು ಓಪನ್ ದ ಡೋರ್’ ಕೂಡ ಇದೇ: ತೆಗೆಯಲು ಹೋದೆ, ಅಷ್ಟರಲ್ಲಿ ಏನೋ ಆಯಿತು. ಇಬ್ಬರೂ ಹೊರಟದ್ದು ಒಂದೇ ಜಾಗದಿಂದ. ಅವರು ಭವಿಷ್ಯದ ಕಡೆ ತಿರುಗಿದರು, ನಾವು ಪ್ರಯತ್ನದ ಕಡೆ.

ಗಾನಾ ಅಶುದ್ಧ ಅಲ್ಲ, ಮಾತಿನ ರೂಪ. ಅರ್ಜಿಯಲ್ಲಿ ಬರೆಯಬೇಡಿ, ಮಾತಿನಲ್ಲಿ ಹೆದರಬೇಡಿ. ಅದಕ್ಕೊಂದು ಚೆಂದದ ಕಟ್ಟುಪಾಡೂ ಇದೆ. ‘ಐ ಆಮ್ ಗಾನಾ ಸ್ಲೀಪ್’ ಅನ್ನಬಹುದು. ‘ಐ ಆಮ್ ಗಾನಾ ಲಂಡನ್’ ಅನ್ನಲು ಬರುವುದೇ ಇಲ್ಲ. ನಿಜವಾಗಿ ಎಲ್ಲಿಗೋ ಹೋಗುವಾಗ ಗೋಯಿಂಗ್ ಟು ಪೂರ್ತಿಯಾಗಿಯೇ ಇರಬೇಕು. ಕಾಲು ಸವೆದ ಗೋಯಿಂಗ್ ಮಾತ್ರ ಗಾನಾ ಆಗುತ್ತದೆ.

ಪ್ರಶ್ನೆ: ಗೋ ಬ್ಯಾಡ್, ಗೋ ಮ್ಯಾಡ್, ಗೋ ಬ್ಲೈಂಡ್. ಎಲ್ಲಾ ಕೆಟ್ಟದ್ದೇ. ‘ಗೋ ಗುಡ್’ ಅಂತ ಯಾಕಿಲ್ಲ?

ಈ ಸಲದ ಪ್ರಶ್ನೆಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಇದು.

ಮೊದಲು ನಮ್ಮ ಕಡೆ ನೋಡೋಣ. ಕೆಟ್ಟು ಹೋಯಿತು, ಒಡೆದು ಹೋಯಿತು, ಹಾಳಾಗಿ ಹೋಯಿತು, ಕಳೆದು ಹೋಯಿತು, ಮರೆತು ಹೋಯಿತು. ಈಗ ಒಳ್ಳೆಯದಕ್ಕೆ ಹೋಗು ಹಚ್ಚಿ ನೋಡಿ. ‘ಅಡುಗೆ ರುಚಿಯಾಗಿ ಹೋಯಿತು’? ‘ಅವನು ಪಾಸಾಗಿ ಹೋದ’? ಎರಡನೆಯದರಲ್ಲಿ ಅವನು ಪಾಸಾಗಬಾರದಿತ್ತು ಅನ್ನುವ ವಾಸನೆ ಬರುತ್ತದೆ ಅಲ್ವಾ?

ಅಂದರೆ ಎರಡೂ ಭಾಷೆ ಒಂದೇ ಚಿತ್ರ ಇಟ್ಟುಕೊಂಡಿವೆ. ಸರಿಯಾಗಿರುವ ಸ್ಥಿತಿಯೇ ಮನೆ. ನಾವು ಮಾತಾಡುವವರು ಆ ಮನೆಯಲ್ಲಿ ನಿಂತಿದ್ದೇವೆ. ಕೆಡುವುದು ಅಂದರೆ ಮನೆ ಬಿಟ್ಟು ಹೋಗುವುದು, ಗೋ. ಸರಿಹೋಗುವುದು ಅಂದರೆ ಮನೆ ಕಡೆ ಬರುವುದು, ಕಮ್. ಅದಕ್ಕೇ ಕನಸು ನಿಜವಾದರೆ ‘ಕಮ್ ಟ್ರೂ’, ಪ್ರಜ್ಞೆ ಮರಳಿದರೆ ‘ಕಮ್ ಟು’. ಭಾಷಾವಿಜ್ಞಾನಿ ಈವ್ ಕ್ಲಾರ್ಕ್ 1974ರಲ್ಲಿ ಬರೆದ ಲೇಖನವೊಂದರಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದ್ದಾರೆ. ‘ದ ಪ್ಲೇನ್ ವೆಂಟ್ ಡೌನ್’ ಅಂತ ಸುದ್ದಿ ಬಂದರೆ ಎದೆ ಧಸಕ್ ಅನ್ನುತ್ತದೆ. ‘ಕೇಮ್ ಡೌನ್’ ಅಂದರೆ ಅಷ್ಟು ಗಾಬರಿ ಇಲ್ಲ, ಸುಮ್ಮನೆ ಇಳಿದಿರಲೂಬಹುದು.

ಕನ್ನಡವೂ ಕೆಲವೊಮ್ಮೆ ಹಟ ಮಾಡುತ್ತದೆ. ಮೇಲೆ ನಾನೇ ‘ಸರಿಹೋಗುತ್ತದೆ’ ಅಂತ ಬರೆದಿದ್ದೇನೆ, ನೋಡಿ. ಸರಿ ‘ಬರುವುದಿಲ್ಲ’, ‘ಹೋಗುತ್ತದೆ’. ಚಿತ್ರ ಎಷ್ಟೇ ಚೆಂದ ಇರಲಿ, ಭಾಷೆ ಅದರೊಳಗೆ ಪೂರ್ತಿ ಕೂರುವುದಿಲ್ಲ.

ಇಲ್ಲೂ ಒಂದು ಮೋಸ ಇದೆ. ‘ದಣಿದು ಹೋದೆ’ ಅನ್ನುತ್ತೇವೆ ಅಂತ ‘ಐ ವೆಂಟ್ ಟೈರ್ಡ್’ ಅನ್ನಬೇಡಿ. ದಣಿವು, ಮುಪ್ಪು, ಕಾಯಿಲೆಗೆ ‘ಗೆಟ್’ ಬೇಕು: ಗೆಟ್ ಟೈರ್ಡ್, ಗೆಟ್ ಓಲ್ಡ್, ಗೆಟ್ ಸಿಕ್. ಕುರುಡು, ಕಿವುಡು, ಬೋಳುತಲೆ, ಹುಚ್ಚಿಗೆ ಗೋ. ಬಣ್ಣಕ್ಕೂ ಗೋ: ಕೂದಲು ಗೋಸ್ ಗ್ರೇ, ಮುಖ ಗೋಸ್ ರೆಡ್. ಆಗದೇ ಉಳಿದದ್ದಕ್ಕೂ ಗೋ ಬರುತ್ತದೆ. ಯಾರೂ ಗಮನಿಸದಿದ್ದರೆ ‘ಗೋ ಅನ್‌ನೋಟಿಸ್ಡ್’, ಉತ್ತರವಿಲ್ಲದೆ ಹೋದರೆ ‘ಗೋ ಅನ್‌ಆನ್ಸರ್ಡ್’. ‘ಉತ್ತರವಿಲ್ಲದೆ ಹೋದರೆ’. ಬರೆಯುವಾಗಲೇ ಹೋಗು ತಾನಾಗಿ ಬಂತು ನೋಡಿ.

ಪ್ರಶ್ನೆ: ಅಲಾರಂ ‘ವೆಂಟ್ ಆಫ್’ ಅಂದರೆ ಬಡಿಯಿತು. ಲೈಟ್ ‘ವೆಂಟ್ ಆಫ್’ ಅಂದರೆ ಆರಿತು. ಒಂದೇ ಮಾತಿಗೆ ಎರಡು ತದ್ವಿರುದ್ಧ ಅರ್ಥ ಹೇಗೆ?

ಎರಡು ಬೇರೆ ಬೇರೆ ‘ಆಫ್’ ಅಂತ ಇಟ್ಟುಕೊಳ್ಳಿ. ಲೈಟಿನ ಆಫ್ ಸ್ವಿಚ್ಚಿನದು, ಆನ್‌ಗೆ ಎದುರು. ಅಲಾರಂನ ಆಫ್ ‘ಬಿಟ್ಟುಕೊಂಡು ಆಚೆ’ ಅನ್ನುವುದು. ಅದುಮಿಟ್ಟದ್ದು ಒಮ್ಮೆಲೇ ಬಿಟ್ಟುಕೊಳ್ಳುವುದು. ಬಾಂಬ್, ಪಟಾಕಿ, ಅಲಾರಂ ಈ ಗುಂಪು. ಗುಂಡು ‘ಹಾರಿತು’ ಅನ್ನುತ್ತೇವಲ್ಲ, ಹಾಗೆ. ಹಾಲು ‘ವೆಂಟ್ ಆಫ್’ ಅಂದರೆ ಕೆಟ್ಟಿತು. ಇದು ಬ್ರಿಟಿಷರ ಮಾತು. ಅಮೆರಿಕದಲ್ಲಿ ‘ವೆಂಟ್ ಬ್ಯಾಡ್’ ಅನ್ನಿ. ಕರೆಂಟಿಗೆ ಮಾತ್ರ ಆಫ್ ಇಲ್ಲದೆಯೂ ನಡೆಯುತ್ತದೆ. ‘ದ ಪವರ್ ಹ್ಯಾಸ್ ಗಾನ್’ ನಮ್ಮ ‘ಕರೆಂಟ್ ಹೋಯ್ತು’ವಿನ ಅವಳಿ.

ಪ್ರಶ್ನೆ: ಧಾರಾವಾಹಿಗಳಲ್ಲಿ ‘ಅಂಡ್ ಹಿ ಗೋಸ್, ವಾಟ್?’ ಅನ್ನುತ್ತಾರೆ. ಅವನು ಎಲ್ಲಿಗೆ ಹೋದ?

ಎಲ್ಲಿಗೂ ಹೋಗಿಲ್ಲ. ‘ಏನು?’ ಅಂದ, ಅಷ್ಟೇ. ಸದ್ದುಗಳಿಗೆ ಗೋ ಬಳಸುವುದು ಹಳೆಯ ರೂಢಿ: ಬೆಕ್ಕು ಗೋಸ್ ಮಿಯಾಂವ್. ಆ ಮಿಯಾಂವ್ ಜಾಗದಲ್ಲಿ ಮನುಷ್ಯರ ಮಾತು ಕೂತಿತು. ನಮ್ಮ ‘ಅನ್ನು’ ಎರಡೂ ಕೆಲಸ ಮಾಡುತ್ತದೆ. ಬೆಕ್ಕು ಮಿಯಾಂವ್ ಅಂತು, ಅವನು ಏನು ಅಂದ. ಗೆಳೆಯರ ಮಧ್ಯೆ ಹರಟುವಾಗ ಸರಿ, ಬರಹದಲ್ಲಿ ಬೇಡ.

ಪ್ರಶ್ನೆ: ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಇರುವ ಪದ ಗೋ ಅಂತೆ. ನಿಜವೇ?

ಅಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಪಟ್ಟ ‘ಸೆಟ್’ ಪದಕ್ಕಿತ್ತು, 430 ಅರ್ಥ. ಪರಿಷ್ಕರಣೆಯ ಕೆಲಸ ನಡೆದಂತೆ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥ ಎಣಿಸಿದ್ದಾರೆ. ಮಿಷಿನ್ ಓಡುತ್ತದೆ, ಮೂಗು ಸೋರುತ್ತದೆ, ಅಂಗಡಿ ನಡೆಯುತ್ತದೆ, ಎಲ್ಲಕ್ಕೂ ರನ್. ನಡೆಯುವ ಪದವನ್ನು ಓಡುವ ಪದ ಸೋಲಿಸಿದೆ.

ಪ್ರಶ್ನೆ: ಯಾರಾದರೂ ಕರೆದಾಗ ‘ಐ ಆಮ್ ಕಮಿಂಗ್’ ಅನ್ನಬೇಕೋ ‘ಐ ಆಮ್ ಗೋಯಿಂಗ್’ ಅನ್ನಬೇಕೋ?

ಕಮಿಂಗ್. ಕನ್ನಡದ ಹಾಗೇ. ಕೇಳುವವರ ಕಡೆ ಹೋಗುವುದಾದರೆ ‘ಬಂದೆ’ ಅನ್ನುತ್ತೇವೆ, ‘ಹೋದೆ’ ಅನ್ನುವುದಿಲ್ಲ. ಇಲ್ಲಿ ನಮಗೆ ಅದೃಷ್ಟ ಇದೆ. ಸ್ಪ್ಯಾನಿಷ್ ಮತ್ತು ಜಪಾನಿ ಮಾತಾಡುವವರು ಇಂಥ ಕಡೆ ತಮ್ಮ ಭಾಷೆಯಲ್ಲಿ ‘ಹೋಗುತ್ತಿದ್ದೇನೆ’ ಅಂತಲೇ ಹೇಳುತ್ತಾರೆ. ಇಂಗ್ಲಿಷ್ ಕಲಿಯುವಾಗ ಅವರಿಗೆ ಇದು ದೊಡ್ಡ ತಲೆನೋವು. ನಾವು ಹೋಗು–ಬಾ ಎರಡನ್ನೂ ಇದ್ದ ಹಾಗೇ ಅನುವಾದ ಮಾಡಿದರೆ ಸಾಕು.

ಹೊರಡುವಾಗಿನ ‘ಹೋಗಿ ಬರ್ತೀನಿ’ ಮಾತ್ರ ಬೇಡ. ‘ಐ ವಿಲ್ ಗೋ ಅಂಡ್ ಕಮ್’ ಅಂದರೆ ಅವರು ಗಲಿಬಿಲಿಯಾಗುತ್ತಾರೆ. ಮರಳಿ ಬರುವುದಿದ್ದರೆ ‘ಐ ವಿಲ್ ಬಿ ಬ್ಯಾಕ್’. ಇಲ್ಲದಿದ್ದರೆ ‘ಐ ಆಮ್ ಆಫ್’.

ಪ್ರಶ್ನೆ: ‘ಹೌ ಈಸ್ ಇಟ್ ಗೋಯಿಂಗ್?’ ಅಂತ ಕೇಳಿದರೆ ಏನು ಹೇಳಬೇಕು? ಆ ‘ಇಟ್’ ಯಾವುದು?

ಇಟ್ ಅಂದರೆ ಎಲ್ಲಾ: ಕೆಲಸ, ಮನೆ, ಆರೋಗ್ಯ. ಇಲ್ಲಿ ಗೋಗೆ ಜೋಡಿ ‘ಹೋಗು’ ಅಲ್ಲ, ‘ನಡೆ’. ಹೇಗೆ ನಡೀತಿದೆ? ಗಡಿಯಾರ ನಡೆಯುತ್ತಿಲ್ಲ ಅನ್ನುವುದಕ್ಕೂ ಇದೇ ಗೋ. ಉತ್ತರಕ್ಕೆ ‘ನಾಟ್ ಬ್ಯಾಡ್’ ಅಥವಾ ‘ಗೋಯಿಂಗ್ ವೆಲ್’ ಸಾಕು. ನನ್ನ ವಿದ್ಯಾರ್ಥಿಯೊಬ್ಬ ಮೊದಲ ದಿನ ಈ ಪ್ರಶ್ನೆಗೆ ‘ಬೈ ಬಸ್, ಸರ್’ ಅಂದಿದ್ದ. ಕೇಳಿದವರು ನಕ್ಕು, ‘ಮೈನ್ ಟೂ’ ಅಂದರು.